ಸುಮ್ಮನಿರುವ ಟಿವಿಯಲ್ಲಿ ಚಿತ್ರ ತೂಗುಹಾಕುವುದು ಹೇಗೆ?

ಮನೆಮಂದಿಯೆಲ್ಲ ಅವರವರ ಮೊಬೈಲಿನಲ್ಲೇ ಸಿನಿಮಾ, ಕ್ರಿಕೆಟ್, ಧಾರಾವಾಹಿ ನೋಡಿಕೊಳ್ಳಲು ಶುರು ಮಾಡಿದ ಮೇಲೆ ನಡುಮನೆಯ ಟಿವಿಗೆ ಕೆಲಸ ಕಡಿಮೆಯಾಗಿದೆ. ಡಿಟಿಎಚ್ ರೀಚಾರ್ಜ್ ನಿಂತು ತಿಂಗಳುಗಳಾದ ಮನೆಗಳಿವೆ. ಹೊಸದಾಗಿ ದೊಡ್ಡ ಟಿವಿ ಬಂದ ಮನೆಗಳಲ್ಲಿ ಹಳೆಯ 32 ಇಂಚಿನದು ಮಲಗುವ ಕೋಣೆಗೋ ಅಟ್ಟಕ್ಕೋ ಸೇರಿದೆ. ಗುಜರಿಗೆ ಹಾಕಿದರೆ ಪುಡಿಗಾಸು ಸಿಗುತ್ತದೆ. ಅದರ ಬದಲು ಅದೇ ಪರದೆಯನ್ನು ಚಿತ್ರ ತೋರಿಸಲು ಬಳಸಿದರೆ ಇನ್ನೂ ಎಷ್ಟೋ ವರ್ಷ ಅದು ಮನೆಯ ಗೋಡೆಗೆ ಕಳೆ ಕೊಡುತ್ತದೆ.

ಸ್ಯಾಮ್‌ಸಂಗ್ ಕಂಪನಿ 2017ರಲ್ಲಿ ‘ದಿ ಫ್ರೇಮ್’ ಎಂಬ ಟಿವಿಯನ್ನು ಮಾರುಕಟ್ಟೆಗೆ ತಂದದ್ದು ಇದೇ ಉದ್ದೇಶಕ್ಕೆ. ನೋಡದಿದ್ದಾಗ ಅದು ಕಟ್ಟು ಹಾಕಿದ ಚಿತ್ರದಂತೆ ಗೋಡೆಯ ಮೇಲಿರುತ್ತದೆ. ಆ ಕೆಲಸದ ಮುಕ್ಕಾಲು ಪಾಲನ್ನು ನಿಮ್ಮಲ್ಲಿ ಈಗಿರುವ ಟಿವಿಯಿಂದ, ಒಂದು ಪೆನ್‌ಡ್ರೈವ್‌ನ ಖರ್ಚಿನಲ್ಲಿ ಮಾಡಿಸಬಹುದು.

ಈ ಪ್ರಯೋಗಕ್ಕೆ ಕೈ ಹಾಕಿದ ಬಹಳಷ್ಟು ಜನ ವಾರದೊಳಗೆ ಬಿಟ್ಟುಬಿಡುತ್ತಾರೆ. ಮುನ್ನೂರು ಫೋಟೊ ತುಂಬಿ, ಐದು ಸೆಕೆಂಡಿಗೊಂದರಂತೆ ಓಡಿಸಿ, ಟಿವಿಯ ಬೆಳಕನ್ನು ಅಂಗಡಿಯಿಂದ ಬಂದಾಗ ಎಷ್ಟಿತ್ತೋ ಅಷ್ಟೇ ಇಟ್ಟರೆ ಕಣ್ಣು ಸೋಲುತ್ತದೆ, ಮನಸ್ಸೂ ಸೋಲುತ್ತದೆ. ಚಿತ್ರ ಗೋಡೆಯ ಮೇಲೆ ನೆಲೆ ನಿಲ್ಲಬೇಕಾದರೆ ಬೆಳಕು ತಗ್ಗಬೇಕು, ಚಿತ್ರಗಳು ಕಡಿಮೆಯಾಗಬೇಕು, ಒಂದೊಂದೂ ಹೆಚ್ಚು ಹೊತ್ತು ನಿಲ್ಲಬೇಕು. ಮುಂದೆ ಹೇಳುವುದೆಲ್ಲ ಈ ಮೂರಕ್ಕಾಗಿಯೇ.

ಯಾವ ಟಿವಿ ಆಗುತ್ತದೆ?

ಎಲ್‌ಸಿಡಿ ಅಥವಾ ಎಲ್‌ಇಡಿ ಟಿವಿ ಈ ಕೆಲಸಕ್ಕೆ ನಿಶ್ಚಿಂತೆ. ಸ್ಮಾರ್ಟ್ ಆಗಿರಬೇಕೆಂದೇನಿಲ್ಲ, ಹಿಂಬದಿಯಲ್ಲೋ ಪಕ್ಕದಲ್ಲೋ ಒಂದು ಯುಎಸ್‌ಬಿ ಕಿಂಡಿ ಇದ್ದರೆ ಸಾಕು. ಅದೂ ಇಲ್ಲದಿದ್ದರೆ ಎಚ್‌ಡಿಎಂಐ ಕಿಂಡಿಗೆ ಫೈರ್ ಟಿವಿ ಸ್ಟಿಕ್ ಅಥವಾ ಗೂಗಲ್ ಟಿವಿ ಇರುವ ಸಣ್ಣ ಸಾಧನ ಸಿಕ್ಕಿಸಬಹುದು. ಅವುಗಳಿಗೆ ವಿದ್ಯುತ್ತನ್ನು ಅವುಗಳ ಜೊತೆ ಬಂದ ಅಡಾಪ್ಟರಿನಿಂದಲೇ ಕೊಡಿ. ಹಳೆಯ ಟಿವಿಗಳ ಯುಎಸ್‌ಬಿ ಕಿಂಡಿ ಕೊಡುವ ವಿದ್ಯುತ್ ಹಲವು ಸಲ ಸಾಲದೆ ಸಾಧನ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿರುತ್ತದೆ.

ಒಎಲ್‌ಇಡಿ ಮತ್ತು ಹಳೆಯ ಪ್ಲಾಸ್ಮಾ ಟಿವಿಗಳ ವಿಷಯದಲ್ಲಿ ಎಚ್ಚರ ಬೇಕು. ಒಂದೇ ಚಿತ್ರ ದಿನವಿಡೀ ನಿಂತರೆ ಅದರ ನೆರಳು ಪರದೆಯಲ್ಲಿ ಶಾಶ್ವತವಾಗಿ ಉಳಿದುಬಿಡಬಹುದು. ಇವುಗಳಲ್ಲಿ ಕೆಲವು ನಿಮಿಷಕ್ಕೊಮ್ಮೆ ಚಿತ್ರ ಬದಲಿಸಿ, ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಓಡಿಸಬೇಡಿ. ಬೆನ್ನು ಉಬ್ಬಿದ ಹಳೆಯ ಡಬ್ಬ ಟಿವಿಯನ್ನಂತೂ ಈ ಕೆಲಸಕ್ಕೆ ಹಚ್ಚಲೇಬೇಡಿ. ಚಿತ್ರದ ನೆರಳು ಉಳಿಯುವ ಸಮಸ್ಯೆ ಅದರಲ್ಲೂ ಇದೆ, ಕರೆಂಟೂ ಹೆಚ್ಚು ತಿನ್ನುತ್ತದೆ.

ಮೊದಲು ಬೆಳಕು ಇಳಿಸಿ

ಚಿತ್ರ ಹುಡುಕುವ ಮುಂಚೆ ಮಾಡಬೇಕಾದ ಕೆಲಸ ಇದು. ಟಿವಿ ಅಂಗಡಿಯ ಝಗಮಗದಲ್ಲಿ ಎದ್ದು ಕಾಣಲೆಂದು ಕಂಪನಿಯವರು ಬೆಳಕು, ಬಣ್ಣ ಎರಡನ್ನೂ ಏರಿಸಿ ಕಳಿಸಿರುತ್ತಾರೆ. ಗೋಡೆಯ ಚಿತ್ರ ಬೆಳಕನ್ನು ಉಗುಳುವುದಿಲ್ಲ, ಕೋಣೆಯ ಬೆಳಕಿನಲ್ಲಿ ಕಾಣಿಸಿಕೊಳ್ಳುತ್ತದೆ. ಟಿವಿಯಲ್ಲೂ ಅದೇ ಭಾವ ಬರಬೇಕು.

ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಮೋಡ್ ಎಂಬುದನ್ನು ತೆರೆಯಿರಿ. ‘ವಿವಿಡ್’, ‘ಡೈನಾಮಿಕ್’ ಬಿಟ್ಟು ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಆರಿಸಿ. ಕಲರ್ ಟೆಂಪರೇಚರ್ ‘ವಾರ್ಮ್’ ಇರಲಿ. ಮೊದಲ ದಿನ ಪರದೆ ಹಳದಿಯಾದಂತೆ ಕಾಣುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ. ಶಾರ್ಪ್‌ನೆಸ್ ಅನ್ನು ಸೊನ್ನೆಗೆ ಅಥವಾ ಸೊನ್ನೆಯ ಹತ್ತಿರಕ್ಕೆ ತನ್ನಿ. ಅದು ಹೆಚ್ಚಿದ್ದಷ್ಟೂ ಕುಂಚದ ಗೆರೆಗಳ ಅಂಚಿನಲ್ಲಿ ಬಿಳಿ ಪ್ರಭೆ ಮೂಡಿ, ಜಲವರ್ಣವೂ ಪ್ರಿಂಟಿಂಗ್ ಪ್ರೆಸ್ಸಿನ ಪೋಸ್ಟರಿನಂತೆ ಕಾಣುತ್ತದೆ. ಡೈನಾಮಿಕ್ ಕಾಂಟ್ರಾಸ್ಟ್, ನಾಯ್ಸ್ ರಿಡಕ್ಷನ್ ಎರಡನ್ನೂ ಆಫ್ ಮಾಡಿಬಿಡಿ.

ಇನ್ನು ಬ್ಯಾಕ್‌ಲೈಟ್. ಪರದೆಯ ಹಿಂದಿನ ದೀಪವನ್ನು ಏರಿಸಿ ಇಳಿಸುವುದು ಇದೇ. ಹೆಚ್ಚಿನ ಟಿವಿಗಳಲ್ಲಿ ‘ಬ್ರೈಟ್‌ನೆಸ್’ ಎನ್ನುವುದು ಬೇರೆಯದೇ ಹಿಡಿತ, ಅದು ಕಪ್ಪು ಎಷ್ಟು ಕಪ್ಪಾಗಿರಬೇಕು ಎನ್ನುವುದನ್ನು ತೀರ್ಮಾನಿಸುತ್ತದೆ; ಕೆಲವು ಹೊಸ ಮಾದರಿಗಳಲ್ಲಿ ಮಾತ್ರ ಬ್ರೈಟ್‌ನೆಸ್ ಎಂದರೆ ಬ್ಯಾಕ್‌ಲೈಟೇ. ನೀವು ಇಳಿಸಿದಾಗ ಚಿತ್ರದ ಕಪ್ಪು ಭಾಗದ ವಿವರಗಳು ಮುಚ್ಚಿಹೋದರೆ ತಪ್ಪು ಗುಂಡಿ ಒತ್ತಿದ್ದೀರಿ ಎಂದು ತಿಳಿಯಿರಿ. ಚಿತ್ರವೆಲ್ಲ ಒಂದೇ ಸಮನಾಗಿ ಮಂಕಾದರೆ ಸರಿಯಾದದ್ದನ್ನೇ ಹಿಡಿದಿದ್ದೀರಿ.

ಎಷ್ಟಕ್ಕೆ ಇಳಿಸಬೇಕು? ಸಂಜೆ ಕೋಣೆಯ ದೀಪ ಹಾಕಿ, ಬಿಳಿ ಹಿನ್ನೆಲೆಯ ಒಂದು ಚಿತ್ರವನ್ನು ಟಿವಿಯಲ್ಲಿ ತನ್ನಿ. ಪರದೆಯ ಪಕ್ಕದ ಗೋಡೆಗೆ ಒಂದು ಬಿಳಿ ಹಾಳೆ ಹಿಡಿಯಿರಿ. ಪರದೆಯ ಬಿಳಿ ಹಾಳೆಗಿಂತ ಹೊಳೆಯುತ್ತಿದ್ದರೆ ಇನ್ನೂ ಇಳಿಸಿ. ಎರಡೂ ಹತ್ತಿರ ಹತ್ತಿರ ಒಂದೇ ಎನಿಸುವವರೆಗೆ ಇಳಿಸುತ್ತಾ ಬನ್ನಿ. ಹಾಳೆಗಿಂತ ಪರದೆ ನೀಲಿಯಾಗಿ ಕಂಡರೆ ಕಲರ್ ಟೆಂಪರೇಚರನ್ನು ಇನ್ನೊಂದು ಹಂತ ಬೆಚ್ಚಗೆ ಮಾಡಿ. ಬಹುತೇಕ ಟಿವಿಗಳಲ್ಲಿ ಬ್ಯಾಕ್‌ಲೈಟ್ ನೂರಕ್ಕೆ ಹತ್ತರಿಂದ ಇಪ್ಪತ್ತೈದರ ನಡುವೆ ಬಂದು ನಿಲ್ಲುತ್ತದೆ. ಈ ಹಾಳೆಯ ಪರೀಕ್ಷೆಗೆ ಐದು ನಿಮಿಷವೂ ಬೇಡ, ಇಡೀ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವುದು ಬೇರೊಂದಿಲ್ಲ. ಟಿವಿಯಲ್ಲಿ ಕೋಣೆಯ ಬೆಳಕು ಅರಿಯುವ ಸೆನ್ಸರ್ ಇದ್ದರೆ ಅದನ್ನೂ ಚಾಲೂ ಮಾಡಿ. ಬ್ಯಾಕ್‌ಲೈಟ್ ತಗ್ಗಿದರೆ ಶಾಖವೂ ತಗ್ಗುತ್ತದೆ, ಪರದೆಯ ಆಯುಷ್ಯವೂ ಹೆಚ್ಚುತ್ತದೆ.

ಮತ್ತೊಂದು ಸಣ್ಣ ವಿಷಯ: ಚಿತ್ರದ ನಾಲ್ಕೂ ಅಂಚು ಸ್ವಲ್ಪ ಸ್ವಲ್ಪ ಕತ್ತರಿಸಿದಂತೆ ಕಂಡರೆ ಪಿಕ್ಚರ್ ಸೈಜ್‌ನಲ್ಲಿ ‘ಸ್ಕ್ರೀನ್ ಫಿಟ್’, ‘ಜಸ್ಟ್ ಸ್ಕ್ಯಾನ್’ ಅಥವಾ ‘ಫುಲ್ ಪಿಕ್ಸೆಲ್’ ಎಂಬುದನ್ನು ಆರಿಸಿ. ಹೆಸರು ಕಂಪನಿಗೊಂದು, ಕೆಲಸ ಒಂದೇ.

ಚಿತ್ರ ಎಲ್ಲಿಂದ ತರುವುದು?

ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಹಲವು ತಮ್ಮ ಸಂಗ್ರಹದ ಚಿತ್ರಗಳನ್ನು ಉಚಿತವಾಗಿ, ಯಾರು ಯಾವುದಕ್ಕೆ ಬೇಕಾದರೂ ಬಳಸುವಂತೆ ತೆರೆದಿಟ್ಟಿವೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2012ರಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ, ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊ 2018ರಲ್ಲಿ, ಕ್ಲೀವ್‌ಲ್ಯಾಂಡ್ ಮ್ಯೂಸಿಯಂ ಆಫ್ ಆರ್ಟ್ 2019ರಲ್ಲಿ, ಸ್ಮಿತ್‌ಸೋನಿಯನ್ 2020ರಲ್ಲಿ ಈ ಬಾಗಿಲು ತೆರೆದವು. ಅವುಗಳ ಜಾಲತಾಣದಲ್ಲಿ ಹುಡುಕುವಾಗ ‘ಓಪನ್ ಆ್ಯಕ್ಸೆಸ್’ ಅಥವಾ ‘ಪಬ್ಲಿಕ್ ಡೊಮೈನ್’ ಎಂಬ ಗುರುತು ಇರುವುದನ್ನಷ್ಟೇ ಆರಿಸಿ, ಡೌನ್‌ಲೋಡ್ ಗುಂಡಿ ಒತ್ತಿ.

ಏನನ್ನು ಹುಡುಕಬೇಕು ಎಂಬುದರಲ್ಲಿ ನನ್ನದೊಂದು ಗಟ್ಟಿ ಸಲಹೆಯಿದೆ. ಗೋಡೆಯಗಲದ ತೈಲವರ್ಣಗಳಿಂದ ಶುರು ಮಾಡಬೇಡಿ. ರೆಂಬ್ರಾಂಟನ ‘ನೈಟ್ ವಾಚ್’ ಮನುಷ್ಯನ ಎತ್ತರದ ಎರಡರಷ್ಟಿದೆ, ಅದನ್ನು ಟಿವಿಗೆ ಇಳಿಸಿದರೆ ಉಳಿಯುವುದು ನೆನಪಿನ ಚೀಟಿಯಷ್ಟೇ. 43 ಇಂಚಿನ ಟಿವಿಯ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 53 ಸೆಂಟಿಮೀಟರ್ ಎತ್ತರ. ಈ ಅಳತೆಯೊಳಗೆ ಮೂಲ ಗಾತ್ರಕ್ಕಿಂತ ದೊಡ್ಡದಾಗಿ ಕಾಣುವುದು ಚಿಕಣಿ ಚಿತ್ರಗಳು, ಅಚ್ಚಿನ ಚಿತ್ರಗಳು, ಜಲವರ್ಣಗಳು. ಮ್ಯೂಸಿಯಮ್ಮಿನಲ್ಲಿ ಗಾಜಿನಾಚೆ, ಮಬ್ಬು ಬೆಳಕಿನಲ್ಲಿ ಬಗ್ಗಿ ನೋಡಬೇಕಾದವು ಇಲ್ಲಿ ಕೂತಲ್ಲೇ ಬಿಡಿಬಿಡಿಯಾಗಿ ಕಾಣುತ್ತವೆ.

ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ‘ದಿ ಹೌಸ್ ಆಫ್ ಬಿಜಾಪುರ್’ ಎಂಬ ಚಿತ್ರವಿದೆ. 1680ರ ಸುಮಾರಿಗೆ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಇಬ್ಬರು ಕಲಾವಿದರು ಬರೆದದ್ದು. ವಿಜಯಪುರದ ಆದಿಲ್‌ಶಾಹಿ ಸುಲ್ತಾನರನ್ನು ತಲೆಮಾರುಗಳ ಅಂತರ ಮೀರಿ ಒಂದೇ ಕಡೆ ಕೂರಿಸಿದ್ದಾರೆ. ಮೂಲಚಿತ್ರ ಒಂದು ಮೊಳದಷ್ಟೂ ಎತ್ತರವಿಲ್ಲ. ಅದನ್ನು ಪರದೆಗೆ ತಂದು ಹತ್ತಿರ ಹೋದರೆ ಜಾಮಾದ ಹೂವು, ಪೇಟದ ಸುತ್ತು, ಕೆಳಗೆ ಹಾಸಿದ ಜಮಖಾನೆಯ ಬಳ್ಳಿ ಎಲ್ಲ ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ನಮ್ಮ ನೆಲದ ಚಿತ್ರವೊಂದನ್ನು ಅಷ್ಟು ದೂರದಿಂದ ಮನೆಗೆ ಕರೆತರುವ ಸುಖವೇ ಬೇರೆ. ಅದೇ ಮ್ಯೂಸಿಯಮ್ಮಿನಲ್ಲಿ ಬೀದರಿನ ಬಿದ್ರಿ ಹುಕ್ಕಾ ಬುರುಡೆಗಳ ಫೋಟೊಗಳೂ ಸಿಗುತ್ತವೆ. ಕಪ್ಪು ಲೋಹದ ಮೇಲಿನ ಬೆಳ್ಳಿಯ ಹೂಬಳ್ಳಿ ಪರದೆಯಲ್ಲಿ ಚೆನ್ನಾಗಿ ಎದ್ದು ಬರುತ್ತದೆ.

ಜಪಾನಿನ ಮರದಚ್ಚಿನ ಚಿತ್ರಗಳೂ ಟಿವಿಗೆ ಹೇಳಿಮಾಡಿಸಿದಂತಿವೆ. ಹೊಕುಸಾಯಿಯ ‘ಮಹಾ ಅಲೆ’ಯ ಮೂಲ ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲವಷ್ಟೇ. ಹಿರೊಶಿಗೆಯ ‘ಶೋನೊ’ದಲ್ಲಿ ಓರೆಯಾಗಿ ಸುರಿಯುವ ಮಳೆಗೆ ತಲೆತಗ್ಗಿಸಿ ಓಡುವ ಜನರಿದ್ದಾರೆ. ಆಷಾಢದ ಮಳೆ ಹಿಡಿದ ದಿನ ಅದನ್ನು ಹಾಕಿ ನೋಡಿ. ಅಡ್ಡಕ್ಕಿರುವ ಚಿತ್ರಗಳಾದ್ದರಿಂದ ಪರದೆಯೂ ಚೆನ್ನಾಗಿ ತುಂಬುತ್ತದೆ.

ಇದಕ್ಕೆ ತದ್ವಿರುದ್ಧವಾಗಿ ನಮ್ಮ ಮೈಸೂರು ಶೈಲಿಯ ಚಿತ್ರಗಳನ್ನು ಟಿವಿಗೆ ಹಾಕಲು ನಾನು ಹೇಳುವುದಿಲ್ಲ. ಅವುಗಳ ಜೀವವಿರುವುದು ಉಬ್ಬುಗೆಲಸದ ಮೇಲೆ ಹಚ್ಚಿದ ಚಿನ್ನದ ರೇಕಿನಲ್ಲಿ. ನಾವು ಆಚೀಚೆ ಸರಿದಾಗ, ದೀಪ ಅಲುಗಿದಾಗ ಆ ಚಿನ್ನ ಮಿನುಗುತ್ತದೆ. ಪರದೆಯಲ್ಲಿ ಅದು ಬರೀ ಸಾಸಿವೆ ಬಣ್ಣ. ಅವನ್ನು ಜಗನ್ಮೋಹನ ಅರಮನೆಯಲ್ಲೋ ಮನೆಯ ದೇವರಕೋಣೆಯಲ್ಲೋ ನೇರ ಕಣ್ಣಿನಿಂದಲೇ ನೋಡಬೇಕು.

ಹಕ್ಕುಸ್ವಾಮ್ಯದ ಲೆಕ್ಕವೂ ಗೊತ್ತಿರಲಿ. ಭಾರತದ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮುಂದಿನ ವರ್ಷದ ಮೊದಲಿನಿಂದ ಎಣಿಸಿ 60 ವರ್ಷ ಹಕ್ಕು ಉಳಿಯುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮ, 1941ರಲ್ಲಿ ತೀರಿಕೊಂಡ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳಿಗೆ ಈಗ ಆ ನಿರ್ಬಂಧವಿಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಬಹುದು. ಊಟಿ, ಕೊಡೈಕನಾಲ್‌ಗಳ ಜಲವರ್ಣಗಳಿಗೆ ಹೆಸರಾದ ನಮ್ಮ ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ಅವರ ವಿಷಯದಲ್ಲಿ ಅವಧಿ 2025ರ ಡಿಸೆಂಬರ್ 31ರವರೆಗೆ. 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರ ಚಿತ್ರಗಳಿಗೆ 2056ರ ಕೊನೆಯವರೆಗೂ ರಕ್ಷಣೆಯಿದೆ. ಈಗ ಬರೆಯುತ್ತಿರುವ ಕಲಾವಿದರ ಚಿತ್ರ ಇಷ್ಟವಾದರೆ ಅವರನ್ನೇ ಕೇಳಿ, ದುಡ್ಡು ಕೊಟ್ಟು ಡಿಜಿಟಲ್ ಪ್ರತಿ ತೆಗೆದುಕೊಳ್ಳಿ. ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಹೋದರೆ ಹಾಗೆ ಮಾತಾಡಲು ನೂರಾರು ಕಲಾವಿದರು ಸಿಗುತ್ತಾರೆ. ಟಿವಿ ಇರುವುದು ಮನೆಯಲ್ಲಲ್ಲ, ಕ್ಲಿನಿಕ್ಕಿನಲ್ಲೋ ಹೋಟೆಲಿನಲ್ಲೋ ಎಂದಾದರೆ ಈ ಒಪ್ಪಿಗೆ ಬರಹದಲ್ಲೇ ಇರಬೇಕು.

ಮನೆಯಲ್ಲೇ ಇರುವ ಕಲೆ

ಇಷ್ಟೆಲ್ಲ ಹೇಳಿದರೂ, ಒಂದು ಮನೆಯ ಟಿವಿಗೆ ಅತ್ಯಂತ ಒಪ್ಪುವ ಚಿತ್ರ ಆ ಮನೆಯದೇ ಆಗಿರುತ್ತದೆ. ಅಜ್ಜಿಯ ಇಳಕಲ್ ಸೀರೆಯ ಮೇಲಿನ ಕಸೂತಿಯನ್ನೇ ತೆಗೆದುಕೊಳ್ಳಿ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆ ವರ್ಷಕ್ಕೊಮ್ಮೆ ಹೊರಬಂದರೆ ಹೆಚ್ಚು. ಬೆಳಗ್ಗೆ ಕಿಟಕಿಯ ಪಕ್ಕ ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ. ಬೆಳಕು ಒಂದೇ ಪಕ್ಕದಿಂದ, ಓರೆಯಾಗಿ ಬೀಳಲಿ. ಆಗ ದಾರದ ಉಬ್ಬು ಕಾಣುತ್ತದೆ. ಫ್ಲ್ಯಾಶ್ ಬೇಡ. ಮೊಬೈಲನ್ನು ಬಟ್ಟೆಗೆ ಸಮಾನಾಂತರವಾಗಿ ಹಿಡಿದು, ಒಂದೇ ಒಂದು ಗೋಪುರವನ್ನೋ ತೇರನ್ನೋ ಆನೆಯನ್ನೋ ಚೌಕಟ್ಟು ತುಂಬುವಂತೆ ತೆಗೆಯಿರಿ. ಟಿವಿಯಲ್ಲಿ ಅದು ಗೇಣುದ್ದಕ್ಕೆ ಬೆಳೆದು ನಿಂತಾಗ ಗವಂತಿಯ ಓಟ, ಮುರ್ಗಿಯ ಮೆಟ್ಟಿಲು, ಎಳೆ ಎಣಿಸಿ ಹಾಕಿದ ಒಂದೊಂದು ಹೊಲಿಗೆಯೂ ಲೆಕ್ಕಕ್ಕೆ ಸಿಗುತ್ತದೆ. ಹಾಕಿದವರ ತಾಳ್ಮೆ ಎಂಥದು ಎಂದು ಮೊಮ್ಮಕ್ಕಳಿಗೆ ಆಗ ಗೊತ್ತಾಗುತ್ತದೆ.

ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರ, ಮದುವೆಯ ದಿನ ಅಂಗಳದಲ್ಲಿ ಹಾಕಿ ಮರುದಿನ ಗುಡಿಸಿಹೋದ ರಂಗೋಲಿ, ಮಗ ಎರಡನೇ ತರಗತಿಯಲ್ಲಿ ಕ್ರೇಯಾನ್ಸ್‌ನಲ್ಲಿ ಬರೆದ ಮೂರು ಕಾಲಿನ ಹಸು, ಇವೆಲ್ಲಕ್ಕೂ ಇದೇ ವಿಧಾನ. ಗಾಜಿನ ಕಟ್ಟಿನಲ್ಲಿರುವ ಹಳೆಯ ಚಿತ್ರವಾದರೆ ಗಾಜು ತೆಗೆಸಿ ಫೋಟೊ ಹಿಡಿಯಿರಿ, ಇಲ್ಲವಾದರೆ ನಿಮ್ಮದೇ ಪ್ರತಿಬಿಂಬ ಅದರಲ್ಲಿ ಉಳಿಯುತ್ತದೆ.

ಪರದೆಗೆ ಹೊಂದಿಸುವುದು

ಟಿವಿಯ ಅಗಲ–ಎತ್ತರದ ಪ್ರಮಾಣ 16:9. 4ಕೆ ಟಿವಿಗೆ 3840×2160, ಫುಲ್ ಎಚ್‌ಡಿಗೆ 1920×1080 ಪಿಕ್ಸೆಲ್. ಚಿತ್ರ ಈ ಆಕಾರಕ್ಕೆ ಹೊಂದದಿದ್ದರೆ ಕತ್ತರಿಸಬೇಡಿ. ಕಲಾವಿದ ಎಲ್ಲಿ ಗೆರೆ ನಿಲ್ಲಿಸಿದ್ದಾನೋ ಅಲ್ಲಿಗೇ ನಿಲ್ಲಿಸುವುದು ಮರ್ಯಾದೆ. ಜಿಂಪ್ ಅಥವಾ ಕ್ಯಾನ್ವಾದಲ್ಲಿ ಪರದೆಯ ಅಳತೆಯ ಖಾಲಿ ಹಾಳೆ ತೆರೆದು, ನಡುವೆ ಚಿತ್ರ ಕೂರಿಸಿ, ಸುತ್ತ ಅಂಚು ಬಿಡಿ. ಫ್ರೇಮಿನ ಅಂಗಡಿಯವರು ಚಿತ್ರದ ಸುತ್ತ ಮೌಂಟ್ ಹಾಕುತ್ತಾರಲ್ಲ, ಹಾಗೆ. ಅಂಚು ಅಚ್ಚ ಬಿಳಿಯಾದರೆ ಕಣ್ಣಿಗೆ ಹೊಡೆಯುತ್ತದೆ. ಅಚ್ಚ ಕಪ್ಪಾದರೆ ಎಲ್‌ಇಡಿ ಪರದೆಯಲ್ಲಿ ರಾತ್ರಿ ಬೂದಿಯಂತೆ ಹೊಳೆಯುತ್ತದೆ. ಮಂದ ಕೆನೆ ಬಣ್ಣ, ಇಲ್ಲವೇ ಚಿತ್ರದಲ್ಲೇ ಇರುವ ಗಾಢ ಕಂದು, ಬೂದು ಬಣ್ಣ ಎತ್ತಿಕೊಳ್ಳಿ.

ಉಳಿಸುವಾಗ ಜೆಪಿಇಜಿ ಆಗಿ ಉಳಿಸಿ. ಟಿಐಎಫ್‌ಎಫ್, ಐಫೋನಿನ ಎಚ್‌ಇಐಸಿ ಕಡತಗಳನ್ನು ಹೆಚ್ಚಿನ ಟಿವಿಗಳು ತೆರೆಯುವುದಿಲ್ಲ. ‘ಪ್ರೋಗ್ರೆಸಿವ್’ ಎಂಬ ಆಯ್ಕೆಯ ಗುರುತು ತೆಗೆಯಿರಿ, ಹಳೆಯ ಟಿವಿಗಳಿಗೆ ಅದೂ ಓದಲು ಬಾರದು. ಬಣ್ಣದ ಪ್ರೊಫೈಲ್ ‘ಎಸ್‌ಆರ್‌ಜಿಬಿ’ ಇರಲಿ. ಪೆನ್‌ಡ್ರೈವ್ ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಆಗಿದ್ದರೆ ಯಾವ ಟಿವಿಯಲ್ಲೂ ತಕರಾರಿಲ್ಲ. ಕಡತಗಳಿಗೆ 01, 02 ಎಂದು ಹೆಸರು ಕೊಟ್ಟರೆ ನೀವು ಬಯಸಿದ ಕ್ರಮದಲ್ಲೇ ಬರುತ್ತವೆ.

ಓಡಿಸುವ ಉಪಾಯ

ಪೆನ್‌ಡ್ರೈವ್ ಸಿಕ್ಕಿಸಿ ಸ್ಲೈಡ್‌ಶೋ ಒತ್ತಿದರೆ ಆಯಿತು ಎಂದುಕೊಳ್ಳುತ್ತೇವೆ. ತೊಡಕು ಇರುವುದು ಅಲ್ಲೇ. ಹಲವು ಟಿವಿಗಳ ಸ್ಲೈಡ್‌ಶೋದಲ್ಲಿ ಒಂದು ಚಿತ್ರ ಹೆಚ್ಚೆಂದರೆ ಕೆಲವು ಸೆಕೆಂಡು ನಿಲ್ಲುತ್ತದೆ. ಜೊತೆಗೆ ಹಲವು ಆಂಡ್ರಾಯ್ಡ್ ಟಿವಿಗಳು 4ಕೆ ಪರದೆಯಿದ್ದರೂ ಫೋಟೊಗಳನ್ನು ಫುಲ್ ಎಚ್‌ಡಿ ಸ್ಪಷ್ಟತೆಯಲ್ಲಷ್ಟೇ ತೋರಿಸುತ್ತವೆ. ವಿಡಿಯೊವನ್ನು ಮಾತ್ರ ಪೂರ್ಣ ಸ್ಪಷ್ಟತೆಯಲ್ಲಿ ಓಡಿಸುತ್ತವೆ. ಎರಡಕ್ಕೂ ಮದ್ದು ಒಂದೇ: ಚಿತ್ರಗಳನ್ನೇ ವಿಡಿಯೊ ಮಾಡಿಬಿಡುವುದು.

ಕಂಪ್ಯೂಟರಿನಲ್ಲಿ ಶಾಟ್‌ಕಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಹನ್ನೆರಡು ಚಿತ್ರಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಹತ್ತು ನಿಮಿಷದ ಅವಧಿ ಕೊಡಿ. ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಕರಗುವಂತೆ ಮೂರು ಸೆಕೆಂಡಿನ ಫೇಡ್ ಇಡಿ. ಎಂಪಿ4, ಎಚ್.264 ಆಗಿ ಹೊರತೆಗೆಯಿರಿ. ಫುಲ್ ಎಚ್‌ಡಿ ಟಿವಿಯಾದರೆ 1080 ಸಾಕು. ಎರಡು ಗಂಟೆಯ ವಿಡಿಯೊ ಆಯಿತು. ಚಿತ್ರ ಅಲುಗಾಡುವುದಿಲ್ಲವಾದ್ದರಿಂದ ಕಡತ ಹೆಚ್ಚು ಜಾಗ ಹಿಡಿಯುವುದಿಲ್ಲ. ಪೆನ್‌ಡ್ರೈವ್‌ಗೆ ಹಾಕಿ, ಟಿವಿಯಲ್ಲಿ ‘ರಿಪೀಟ್’ ಒತ್ತಿ. ತಿಂಗಳಿಗೊಮ್ಮೆ ಬೇರೆ ಹನ್ನೆರಡು. ಯಾವ ಚಿತ್ರ, ಯಾರದು, ಯಾವ ವರ್ಷದ್ದು ಎಂದು ಒಂದು ಚೀಟಿ ಬರೆದು ಟಿವಿಯ ಹತ್ತಿರ ಇಡಿ. ಬಂದವರು ಕೇಳಿಯೇ ಕೇಳುತ್ತಾರೆ.

ಗೂಗಲ್ ಟಿವಿ ಅಥವಾ ಕ್ರೋಮ್‌ಕಾಸ್ಟ್ ಇರುವವರಿಗೆ ಇನ್ನೊಂದು ದಾರಿ ಆ್ಯಂಬಿಯೆಂಟ್ ಮೋಡ್. ಗೂಗಲ್ ಫೋಟೊಸ್‌ನಲ್ಲಿ ಪ್ರತ್ಯೇಕ ಆಲ್ಬಂ ಮಾಡಿ ಅದನ್ನು ಜೋಡಿಸಿದರೆ ಟಿವಿ ಸುಮ್ಮನಿರುವಾಗ ಆ ಚಿತ್ರಗಳು ತಾವಾಗಿ ಬರುತ್ತವೆ. ದೂರದ ಊರಿನಲ್ಲಿರುವ ಮಗಳು ತನ್ನ ಫೋನಿನಿಂದಲೇ ಆಲ್ಬಂಗೆ ಹೊಸ ಚಿತ್ರ ಸೇರಿಸಬಹುದು ಎಂಬುದು ಇದರ ದೊಡ್ಡ ಅನುಕೂಲ. ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಓಡುವ ಚಿತ್ರಮಾಲೆಗಳೂ ಇವೆ. ನಡುವೆ ಜಾಹೀರಾತು ನುಗ್ಗುತ್ತದೆ, ಡೇಟಾ ಸುರಿಯುತ್ತದೆ. ನನಗೆ ಅವು ಒಪ್ಪಿಗೆಯಿಲ್ಲ.

ನಾಲ್ಕು ಗಂಟೆ ರಿಮೋಟ್ ಮುಟ್ಟದಿದ್ದರೆ ತಾನೇ ಆರಿಹೋಗುವ ವ್ಯವಸ್ಥೆ ಅನೇಕ ಟಿವಿಗಳಲ್ಲಿದೆ. ಅದನ್ನು ತೆಗೆಯಬೇಡಿ, ಅದು ಒಳ್ಳೆಯ ಕಾವಲು. ನಿಗದಿತ ಹೊತ್ತಿಗೆ ಹೊತ್ತಿ ಆರಬೇಕೆಂದರೆ ಟಿವಿಯದೇ ಆನ್ ಟೈಮರ್, ಆಫ್ ಟೈಮರ್ ಬಳಸಿ. ಸ್ಮಾರ್ಟ್ ಪ್ಲಗ್ಗಿನಿಂದ ಕರೆಂಟು ಬಿಟ್ಟರೆ ಹೆಚ್ಚಿನ ಟಿವಿಗಳು ಸ್ಟ್ಯಾಂಡ್‌ಬೈಗೆ ಬಂದು ನಿಲ್ಲುತ್ತವೆಯೇ ಹೊರತು ಚಾಲೂ ಆಗುವುದಿಲ್ಲ.

ಗೋಡೆ, ಕಟ್ಟು, ಕರೆಂಟು

ಕಿಟಕಿಯ ಎದುರು ಗೋಡೆ ಬೇಡ, ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ. ಪರದೆಯ ನಡುಭಾಗ ನೀವು ಕೂತಾಗ ಕಣ್ಣಿನ ಎತ್ತರಕ್ಕೆ ಬರಲಿ. ಟಿವಿಯ ಸುತ್ತ ಮರದ ಕಟ್ಟು ಹಾಕಿಸುವ ಆಸೆಯಿದ್ದರೆ ಫ್ರೇಮ್ ಕಟ್ಟುವ ಅಂಗಡಿಯಲ್ಲಿ ಉದ್ದುದ್ದ ಪಟ್ಟಿ ಕೊಯ್ಸಿ ಹಾಕಿಸಬಹುದು. ಹಿಂಬದಿಯ ಗಾಳಿಕಿಂಡಿಗಳು ಮುಚ್ಚಬಾರದು, ಕೆಳ ಅಂಚಿನಲ್ಲಿ ರಿಮೋಟಿನ ಸಂಕೇತ ಹಿಡಿಯುವ ಕಣ್ಣು ಮರೆಯಾಗಬಾರದು, ಕಟ್ಟನ್ನು ಬಿಚ್ಚಲು ಬರಬೇಕು. ಇಷ್ಟು ಮೊದಲೇ ಹೇಳಿಬಿಡಿ. ಉದ್ದುದ್ದ ಚಿತ್ರಗಳಿಗಾಗಿ ಟಿವಿಯನ್ನೇ ನೆಟ್ಟಗೆ ತಿರುಗಿಸಿ ಹಾಕುವವರಿದ್ದಾರೆ. ಅದರ ಕೈಪಿಡಿ ಒಪ್ಪಿದರೆ ಮಾತ್ರ ಹಾಗೆ ಮಾಡಿ, ಏಕೆಂದರೆ ಒಳಗಿನ ಶಾಖ ಮೇಲೇರಿ ಹೊರಹೋಗುವ ದಾರಿ ಆಗ ಬದಲಾಗುತ್ತದೆ.

ಕರೆಂಟಿನ ಲೆಕ್ಕವನ್ನು ನೀವೇ ಮಾಡಬಹುದು. ಟಿವಿಯ ಬೆನ್ನಿನ ಲೇಬಲ್ಲಿನಲ್ಲಿ 80 ವ್ಯಾಟ್ ಎಂದಿದ್ದರೆ, ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 12 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 72 ರೂಪಾಯಿ. ಬ್ಯಾಕ್‌ಲೈಟ್ ಇಳಿಸಿರುವುದರಿಂದ ನಿಜವಾದ ಖರ್ಚು ಇದಕ್ಕಿಂತ ಕಡಿಮೆಯೇ. ಆದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಒಮ್ಮೆ ಹಳೆಯ ಬಿಲ್ ತೆಗೆದು ನೋಡಿಕೊಳ್ಳಿ. ನಿಮಗೆ ಗೊತ್ತುಮಾಡಿದ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಅಂಚಿನಲ್ಲಿರುವವರು ಸಂಜೆ ಎರಡು ಗಂಟೆಗೆ ಸೀಮಿತ ಮಾಡಿಕೊಂಡರೆ ಐದು ಯೂನಿಟ್ಟಿನೊಳಗೆ ಮುಗಿಯುತ್ತದೆ.

ಯಾರೂ ಇಲ್ಲದ ಕೋಣೆಯಲ್ಲಿ ಓಡಿಸಬೇಡಿ, ಮಲಗುವ ಹೊತ್ತಿಗೆ ಆರಿಸಿ. ಮುಂಗಾರಿನ ಮುಂಚಿನ ಗುಡುಗು–ಮಿಂಚಿನ ದಿನಗಳಲ್ಲಿ ಸ್ವಿಚ್ ಒಂದನ್ನೇ ನಂಬದೆ ಪ್ಲಗ್ ಕಿತ್ತಿಡಿ. ಡಿಶ್ಶಿನ ಕೇಬಲ್ಲು ಇನ್ನೂ ಹಿಂಬದಿಯಲ್ಲಿ ಸಿಕ್ಕಿಕೊಂಡೇ ಇದ್ದರೆ ಅದನ್ನೂ ಬಿಚ್ಚಿ.